ಸೂಟು ಕೋಣೆಯ ಬೀಗದ ಕೈ ಕೊಡದವರು

ಫೆಬ್ರವರಿಯ ಸಮುದ್ರಕ್ಕೆ ಇಳಿಯುವ ಉಡುಪನ್ನು ಬಿಸಿಲು ನೋಡಿ ಕೊಂಡುಕೊಳ್ಳುವವನು ಮೂರ್ಖ. ಗೊತ್ತಿದ್ದೂ ಅವನಿಗೆ ಅದನ್ನು ಮಾರುವವನು ಅದಕ್ಕಿಂತ ಕೀಳು. ಮೊದಲನೆಯ ಮಾತು ನನ್ನದಲ್ಲ. ಅದನ್ನು ಹೇಳಿದವರು ಕಳೆದ ತಿಂಗಳು ಮಲ್ಪೆಯ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು. ಎರಡನೆಯ ಮಾತು ಮಾತ್ರ ನನ್ನದು, ಸ್ವಂತ ದುಡಿಮೆಯದು.

ಸುದ್ದಿ ಸಿಕ್ಕಿದ್ದು ಸಂಘವೊಂದರ ಮಾಸಿಕದ ಕೊನೆಯ ಪುಟದಲ್ಲಿ. ಮೂರು ಸಾಲು. ಗಲ್ಫಿನಲ್ಲಿ ಹಲವು ವರ್ಷ ಬೋಟು ನಡೆಸುತ್ತಿದ್ದ ಇವರು ಶಾಂತ ಸ್ವಭಾವದವರು, ಎಲ್ಲರೊಡನೆ ಹೊಂದಿಕೊಂಡು ಹೋಗುವವರು ಎಂದು ಬರೆದಿದ್ದರು. ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಪತ್ರಿಕೆಯನ್ನು ಅಲ್ಲೇ ಬಿಸಾಡಿದೆ. ಶಾಂತ ಸ್ವಭಾವವಂತೆ! ಆ ಮನುಷ್ಯ ಬಾಯಿ ತೆರೆದರೆ ಎದುರಿನವನ ಏಳು ತಲೆಮಾರು ಎದ್ದು ಕೂರಬೇಕಿತ್ತು. ಹೊಂದಿಕೊಂಡು ಹೋಗಿದ್ದರೆ ಕತಾರಿನಲ್ಲಿ ಇನ್ನೂ ಹತ್ತು ವರ್ಷ ಇರುತ್ತಿದ್ದರು. ಹೊಂದಿಕೊಂಡು ಹೋದವರು ನಾವು. ಅದಕ್ಕೇ ನಾವು ಉಳಿದೆವು.

ಹೆಸರು ಬರೆಯುವುದಿಲ್ಲ, ಅವರ ಮನೆಯವರನ್ನು ಕೇಳಿಲ್ಲ. ಎಲ್ಲರೂ ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ನಜ್ಮಾದಲ್ಲಿ ನನಗೊಂದು ಆಟದ ಸಾಮಾನಿನ ಅಂಗಡಿಯಿತ್ತು. ಒಂದು ಕಡೆ ದರ್ಜಿ, ಇನ್ನೊಂದು ಕಡೆ ಮಲಬಾರಿನವರ ಕೆಫೆಟೇರಿಯಾ, ನಡುವೆ ಎರಡು ಮಾರು ಅಗಲದ ನಾನು. ಊರಿನಿಂದ ಬಂದಾಗ ಬೇರೆಯವರ ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತವನು. ಆರು ವರ್ಷಕ್ಕೆ ಕಫೀಲನ, ಅಂದರೆ ನನಗೆ ಜಾಮೀನು ನಿಂತ ಕತಾರಿಯವನ, ಹೆಸರಿನಲ್ಲಿ ಸ್ವಂತ ಬೋರ್ಡು ಹಾಕಿದೆ. ಫುಟ್ಬಾಲು, ಗಾಳದ ದಾರ, ಈಜುವ ಕನ್ನಡಕ ಎಲ್ಲ ಇಟ್ಟಿದ್ದೆ. ಆಗ ಬಿಳಿಯರು ಪಟ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಗೆ ಓಡುವ ವಿಂಡ್‌ಸರ್ಫಿಂಗ್ ಆಟಕ್ಕೆ ಬಿದ್ದಿದ್ದರು. ಅದಕ್ಕೆ ಬೇಕಾದ ರಬ್ಬರ್ ಸೂಟು, ಅಂದರೆ ವೆಟ್‌ಸೂಟು, ದೋಹಾದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ನಾನು ದುಬೈಯಿಂದ ತರಿಸತೊಡಗಿದೆ. ಯಾರಿಗೂ ಗೊತ್ತಿಲ್ಲದ ಸಾಮಾನು ಮಾರುವುದಕ್ಕಿಂತ ಸುಖದ ವ್ಯಾಪಾರ ಇಲ್ಲ. ನನಗೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಅಣ್ಣ ಮೊದಲು ಬಂದದ್ದು ಒಂದು ಗುರುವಾರ, ದುಖಾನ್ ಕಡೆಯಿಂದ ಕಂಪನಿಯ ಬಸ್ಸಿನಲ್ಲಿ. ಪಶ್ಚಿಮ ತೀರದಲ್ಲಿ ಒಂದು ಗುತ್ತಿಗೆ ಕಂಪನಿಯ ಪುಟ್ಟ ಬೀಚ್ ಕ್ಲಬ್ಬಿತ್ತು. ಅಲ್ಲಿ ರಕ್ಷಣೆಯ ಬೋಟು ನಡೆಸುವುದು, ಸೂಟು ಕೋಣೆ ನೋಡಿಕೊಳ್ಳುವುದು ಅವರ ಕೆಲಸ. ಐವತ್ತು ದಾಟಿದ, ಮೀನುಗಾರರ ಮನೆತನದ ಮೊಗವೀರರು. ಕಪ್ಪು, ಗಿಡ್ಡ, ಕೈ ಮಾತ್ರ ಹಗ್ಗದಂತೆ. ಸಲಾಮೂ ಇಲ್ಲ, ನಮಸ್ಕಾರವೂ ಇಲ್ಲ. ನೇತುಹಾಕಿದ್ದ ಸೂಟುಗಳಲ್ಲಿ ಒಂದನ್ನು ಎಳೆದುಕೊಂಡು ಒಳಗಿನ ನಲ್ಲಿಗೆ ಹೋದರು. ತೋಳಿನ ತುದಿಯನ್ನು ಮುರಿದು ಹಿಡಿದು ತೋಳಿನೊಳಗೆ ನೀರು ತುಂಬಿಸಿದರು! ಹೊಲಿಗೆಯ ಉದ್ದಕ್ಕೂ ಹನಿ ಮೂಡಿತು.

"ಇದೆಂತ ಸಾಯ್ಬ್ರೆ, ಸೂಟಾ ಜರಡಿಯಾ?"

"ಅಣ್ಣ, ಅದು ದುಬೈ ಮಾಲು. ಒದ್ದೆ ಮಾಡಿದ್ರೆ ಯಾರು ತೆಕ್ಕೊಳ್ತಾರೆ?"

"ಸಮುದ್ರಕ್ಕೆ ಹೋಗುವ ಬಟ್ಟೆ ನೀರು ತಾಗಿದ್ರೆ ಹಾಳಾಗ್ತದೆ ಅಂತ ಹೇಳುವ ಅಂಗಡಿ ಇದೊಂದೇ ಇರ್ಬೇಕು."

ನನ್ನ ಕೈಯಲ್ಲಿದ್ದ ಎಲ್ಲಾ ಅಸ್ತ್ರ ತೆಗೆದೆ. ಚಹಾ ತರಿಸಿದೆ, ಊರು ಕೇಳಿದೆ, ಎರಡು ತೆಗೆದುಕೊಂಡರೆ ಇಳಿಸುತ್ತೇನೆ ಎಂದೆ. ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು. "ನೀವು ರೇಟು ಇಳಿಸ್ಬಹುದು. ಸಮುದ್ರ ಚಳಿ ಇಳಿಸ್ತದಾ?" ಎಂದರು. ಮೂವತ್ತು ಸೂಟಿನಲ್ಲಿ ನಾಲ್ಕನ್ನು ಆರಿಸಿ ಹೇಳಿದ ಬೆಲೆಗೇ ಕೊಂಡು ಹೋದರು. ಉಳಿದ ಇಪ್ಪತ್ತಾರನ್ನು ನೋಡಿದಾಗ ನನಗೇ ನಾಚಿಕೆಯಾಗುವಂತೆ ಮಾಡಿ ಹೋದರು.

ಆಮೇಲೆ ತಿಂಗಳಿಗೆ ಎರಡು ಸಲ ಬರತೊಡಗಿದರು. ಒಮ್ಮೆ ಆರಡಿ ಮೀರಿದ ಒಬ್ಬ ಬಿಳಿಯ ಗಿರಾಕಿ ಸೂಟು ಹಾಕಿ ಕನ್ನಡಿಯ ಮುಂದೆ ನಿಂತಿದ್ದ. ನಾನು "ವೆರಿ ಗುಡ್ ಸರ್, ಪರ್ಫೆಕ್ಟ್" ಎನ್ನುತ್ತಿದ್ದೆ. ಅಣ್ಣ ಬಂದವರೇ ಅವನ ಬೆನ್ನಿನ ಹಳ್ಳದಲ್ಲಿ ಎರಡು ಬೆರಳಿಂದ ರಬ್ಬರನ್ನು ಚಿವುಟಿ ಎತ್ತಿದರು. ಒಂದು ಮುಷ್ಟಿ ಬಂತು. "ಸಿಟ್ ಡೌನ್" ಎಂದು ಗದರಿಸಿದರು. ಆ ದೊಡ್ಡ ಮನುಷ್ಯ ನನ್ನ ಅಂಗಡಿಯ ನಡುವೆ ಕುಕ್ಕರುಗಾಲಲ್ಲಿ ಕೂತ. ಕೈ ಮೇಲೆತ್ತಿಸಿದರು. ಕುತ್ತಿಗೆಯ ಪಟ್ಟಿಯೊಳಗೆ ಬೆರಳು ಹಾಕಿ ತಿರುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಪಾಠ ಶುರು ಮಾಡಿದರು, ಅವನು ಕೂತೇ ಇದ್ದ.

"ಸೂಟಿನೊಳಗೆ ನೀರು ಬರ್ತದೆ, ಬರ್ಲೇಬೇಕು. ಆ ಸ್ವಲ್ಪ ನೀರು ಮೈ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಬೇಕು. ಸಡಿಲ ಇದ್ರೆ ಬೆಚ್ಚಗಾದದ್ದು ಹೊರಗೆ, ತಣ್ಣಗಿನದ್ದು ಒಳಗೆ. ಐದು ಮಿಲಿಮೀಟರ್ ದಪ್ಪದ ಸಡಿಲ ಸೂಟಿಗಿಂತ ಮೂರು ಮಿಲಿಮೀಟರ್ ಬಿಗಿ ವಾಸಿ. ಇವನಿಗೆ ಒಂದು ಸೈಜ್ ಚಿಕ್ಕದು ಕೊಡಿ. ಏದುಸಿರು ಬಂದ್ರೆ ಮಾತ್ರ ಬೇಡ."

ಕೊಟ್ಟೆ. ಆ ಬಿಳಿಯ ಮುಂದೆ ತನ್ನ ಗೆಳೆಯರನ್ನೆಲ್ಲ ನನ್ನಲ್ಲಿಗೆ ಕಳಿಸಿದ. ನನ್ನ ಅಂಗಡಿಗೆ ಬಂದರೆ ಸರಿಯಾದ ಸೂಟು ಸಿಗುತ್ತದೆ ಎಂಬ ಹೆಸರು ದೋಹಾದಲ್ಲಿ ಹಬ್ಬಿದ್ದು ಹಾಗೆ. ಗಿರಾಕಿಗಳನ್ನು ಕೂರಿಸಿ ಏಳಿಸುವ ವಿದ್ಯೆ ನನ್ನದೇ ಎಂದು ನಾನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಇದು ನನ್ನ ಮೊದಲನೆಯ ಕಳ್ಳತನ, ಚಿಕ್ಕದು.

ದಪ್ಪ ಎಷ್ಟು ಬೇಕೆಂಬುದನ್ನು ಕಲಿತದ್ದು ಅವರ ಕಡಲತೀರಕ್ಕೆ ಹೋದಾಗ. ನಾವು ಕರಾವಳಿಯವರು ಸಮುದ್ರ ಕಂಡವರೆಂಬ ಜಂಬದವರು. ನಮ್ಮ ಊರಿನ ಸಮುದ್ರ ವರ್ಷವಿಡೀ ಒಂದೇ ತರಹ, ಉಗುರುಬೆಚ್ಚಗೆ. ಚಳಿಯ ಸಮುದ್ರ ಎಂಬುದೊಂದು ಉಂಟೆಂದು ನಮ್ಮ ಅಜ್ಜಂದಿರಿಗೂ ಗೊತ್ತಿಲ್ಲ. ಅದರ ಮೇಲೆ ಗಲ್ಫ್ ಎಂದರೆ ಬೆಂಕಿ ಎಂಬ ನಂಬಿಕೆ. ಈ ಎರಡು ಸೇರಿ ನಮ್ಮವರಿಗೆ ಮಾತ್ರ ಆಗುವಂಥ ಒಂದು ಕುರುಡು ಹುಟ್ಟುತ್ತದೆ. ನಾನೂ ಅದರಲ್ಲೇ ಇದ್ದೆ. "ಗಲ್ಫಿನಲ್ಲಿ ದಪ್ಪ ಸೂಟು ಯಾಕೆ ಅಣ್ಣ?" ಎಂದು ಕೇಳಿದ್ದೆ. ಅದು ಜನವರಿ. ಅವರು ನನ್ನನ್ನು ಪ್ಯಾಂಟಿನ ಸಮೇತ ಸೊಂಟದವರೆಗೆ ನೀರಿಗೆ ಇಳಿಸಿದರು. ಹಲ್ಲು ಕಟಕಟ ಎಂದಿತು. "ಈಗ ಕೇಳಿ" ಎಂದರು.

ಅವರ ಹತ್ತಿರ ಒಂದು ಗಾಜಿನ ಉಷ್ಣಮಾಪಕವಿತ್ತು. ತೂತು ಕೊರೆದ ಪ್ಲಾಸ್ಟಿಕ್ ಪೈಪಿನೊಳಗೆ ಅದನ್ನು ಕೂರಿಸಿ, ಗಾಳದ ದಾರ ಕಟ್ಟಿ, ದಿನಾ ಬೆಳಿಗ್ಗೆ ಜೆಟ್ಟಿಯ ತುದಿಯಿಂದ ಆಳಕ್ಕೆ ಬಿಡುತ್ತಿದ್ದರು. ದಡದ ಮೊಣಕಾಲು ನೀರಿನಲ್ಲಿ ನೋಡಿದರೆ ಅವರಿಗೆ ಸಿಟ್ಟು. ಅಲ್ಲಿ ಬಿಸಿಲು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಬಂದ ಅಂಕಿಯನ್ನು ಸೂಟು ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದ ಅಂಕಿಯಲ್ಲೇ ಬರೆಯುತ್ತಿದ್ದರು. ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂದರೆ, "ನನಗೆ ಬಾಯಿ ಉಂಟಲ್ಲ, ಕೇಳ್ಲಿ" ಎಂಬ ಉತ್ತರ.

ಅವರು ಹೇಳಿಕೊಟ್ಟದ್ದನ್ನು ಈಗ ಬಿಟ್ಟಿಯಾಗಿ ನಿಮಗೂ ಹೇಳುತ್ತೇನೆ. ಕತಾರಿನಲ್ಲಿ ಡಿಸೆಂಬರಿನಲ್ಲಿ ದಡದಲ್ಲಿ ಸ್ವೆಟರ್ ಬೇಕು, ಆದರೆ ನೀರಿನಲ್ಲಿ ಬೇಸಗೆಯ ಬಿಸಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಮೂರು ಮಿಲಿಮೀಟರ್ ಸಾಕು. ಫೆಬ್ರವರಿಯ ಕೊನೆಗೆ ದಡದಲ್ಲಿ ಅಂಗಿ ಬಿಚ್ಚೋಣ ಎನಿಸುತ್ತದೆ, ನೀರು ಮಾತ್ರ ಚಳಿಯ ತಳದಲ್ಲೇ ಇರುತ್ತದೆ. ಐದು ಮಿಲಿಮೀಟರ್, ಉದ್ದ ತೋಳು, ಉದ್ದ ಕಾಲು. ಪಶ್ಚಿಮದ ಕೊಲ್ಲಿ ಆಳವಿಲ್ಲದ್ದು, ದೋಹಾದ ಕಡಲಿಗಿಂತ ಬೇಗ ತಣಿಯುತ್ತದೆ, ಬೇಗ ಕಾಯುತ್ತದೆ. ಆಗಸ್ಟಿನಲ್ಲಿ ನೀರೇ ಸ್ನಾನದ ಹಂಡೆ, ಆಗ ರಬ್ಬರೇ ಬೇಡ, ಬಿಸಿಲಿಗೆ ತೆಳ್ಳಗಿನ ತುಂಬುತೋಳಿನ ಅಂಗಿ ಸಾಕು. "ಗಾಳಿ ನೆಂಟ ಸಾಯ್ಬ್ರೆ, ಇವತ್ತು ಬರ್ತದೆ, ನಾಳೆ ಹೋಗ್ತದೆ. ನೀರು ಮನೆ ಯಜಮಾನ. ಅವನಿಗೆ ಸಿಟ್ಟು ಬರ್ಲಿಕ್ಕೂ ತಡ, ಇಳೀಲಿಕ್ಕೂ ತಡ."

ಅವರ ಸಿಟ್ಟು ಹಾಗಿರಲಿಲ್ಲ. ಕ್ಷಣದಲ್ಲಿ ಬರುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ಕಂಪನಿಯ ದೊಡ್ಡ ಅಧಿಕಾರಿಯೊಬ್ಬ ಜುಲೈಯಲ್ಲಿ ಹೆಂಡತಿಗೆ ತೋರಿಸಲು ಹೊಸ ದಪ್ಪ ಸೂಟು ಹಾಕಿಕೊಂಡು ದಡದಲ್ಲಿ ತಿರುಗಾಡುತ್ತಿದ್ದನಂತೆ. ಇವರು ಹೋಗಿ ಬೆನ್ನಿನ ಜಿಪ್ಪನ್ನು ಸರ್ರನೆ ಎಳೆದುಬಿಟ್ಟರು. ತಲೆಸುತ್ತಿ ಬೀಳುವವನಿದ್ದ, ಉಳಿಸಿದೆ ಎಂದು ನನ್ನೆದುರು ವಾದ. ಇರಬಹುದು. ಆದರೆ ಜಿಪ್ಪು ಎಳೆಯುವ ಮೊದಲು ಒಂದು "ಸರ್" ಎನ್ನಬಹುದಿತ್ತಲ್ಲ? ನಾನು ಬುದ್ಧಿ ಹೇಳಿದೆ: ಅಣ್ಣ, ಈ ವಯಸ್ಸಲ್ಲಿ ಈ ಕೆಲಸ ಹೋದರೆ ಯಾರೂ ಹೊಸ ವೀಸಾ ಕೊಡುವುದಿಲ್ಲ, ನಾಲಗೆ ಸ್ವಲ್ಪ ಒಳಗಿಡಿ.

"ನನ್ನ ನಾಲಗೆ ಒಳಗಿಟ್ರೆ ಅವರ ಹೆಣ ಹೊರಗೆ ಬರ್ತದೆ. ನಾನೇ ಎತ್ಬೇಕು. ಊರಲ್ಲಿ ಎತ್ತಿದ್ದು ಸಾಕಾಗಿದೆ."

ಊರಲ್ಲಿ ಯಾರನ್ನು ಎತ್ತಿದ್ದರು ಎಂದು ನಾನು ಕೇಳಲಿಲ್ಲ.

ಬಾಗಿಲ ಮೇಲಿನ ಅಂಕಿಯನ್ನು ಅಲ್ಲಿ ಓದಬಲ್ಲವನು ಒಬ್ಬನೇ ಇದ್ದ. ಬಾಗಲಕೋಟೆ ಕಡೆಯ ಒಬ್ಬ ಇಂಜಿನಿಯರ್. ಸಮುದ್ರವನ್ನು ಕತಾರಿಗೆ ಬಂದ ಮೇಲೆಯೇ ಮೊದಲು ಕಂಡವನು. ಹಲಗೆಯ ಮೇಲೆ ನಿಲ್ಲುವುದಕ್ಕಿಂತ ಬೀಳುವುದೇ ಹೆಚ್ಚು. "ಕಾಕಾ, ಇವತ್ತು ಹದಿನೆಂಟು ಅದನ್ರೀ?" ಎಂದು ಅವನು ಕೇಳಿದರೆ ಅಣ್ಣನ ಮುಖ ಸ್ವಲ್ಪ ಸಡಿಲಾಗುತ್ತಿತ್ತು. ಬೈಯುವುದು ಮಾತ್ರ ಬಿಡುತ್ತಿರಲಿಲ್ಲ. "ಬಾವಿಯಲ್ಲಿ ಬಿಂದಿಗೆ ಬಿದ್ದ ಹಾಗೆ ಬೀಳ್ತೀರಲ್ಲ ಇಂಜಿನಿಯರೇ, ಸೊಂಟ ಎಂಬುದು ಉಂಟಾ ನಿಮಗೆ?" ಅವನಿಗೆ ಅದೇ ಖುಷಿ. "ಬೈರಿ ಕಾಕಾ, ನಿಮ್ಮ ಬೈಗುಳ ಕೇಳಿದ್ರ ನಮ್ಮ ಅಪ್ಪ ನೆನಪಾಗ್ತಾನ."

ಇಷ್ಟರಲ್ಲಿ ಕ್ಲಬ್ಬಿಗೆ ಹೊಸ ಸೆಕ್ರೆಟರಿ ಬಂದ. ಮಂಗಳೂರಿನವನೇ. ಆಫೀಸಿನ ದೊಡ್ಡವರ ಮುಂದೆ ಮೆತ್ತಗೆ, ನಮ್ಮಂಥವರ ಮುಂದೆ ಗಟ್ಟಿ. ಫೆಬ್ರವರಿಯ ಕೊನೆಯ ಶುಕ್ರವಾರ ಕ್ರೀಡಾದಿನ, ಹೆಡ್ ಆಫೀಸಿನವರು ಬರುತ್ತಾರೆ, ಪಟದ ಹಲಗೆಗಳ ಓಟವೇ ದೊಡ್ಡ ಆಕರ್ಷಣೆ. ಇಪ್ಪತ್ತು ಸೂಟು ಬೇಕು, ಒಂದೇ ಬಣ್ಣ, ಎದೆಯ ಮೇಲೆ ಕಂಪನಿಯ ಗುರುತು. ಸೆಕ್ರೆಟರಿ ಮತ್ತು ಅಣ್ಣ ಇಬ್ಬರೂ ಅಂಗಡಿಗೆ ಬಂದರು.

"ಉದ್ದ ತೋಳು, ಐದು ಮಿಲಿಮೀಟರ್. ಬೇರೆ ಮಾತೇ ಇಲ್ಲ" ಎಂದರು ಅಣ್ಣ.

"ಅದು ಹಾಕಿದ್ರೆ ಕರಡಿ ಹಾಗೆ ಕಾಣ್ತಾರೆ ಮಾರಾಯ್ರೆ. ಫೋಟೋ ತೆಗೀಲಿಕ್ಕುಂಟು. ಇದು ಗಲ್ಫ್, ಲಂಡನ್ ಅಲ್ಲ" ಎಂದ ಸೆಕ್ರೆಟರಿ. ಆಮೇಲೆ ನನ್ನ ಕಡೆ ತಿರುಗಿದ. "ಸಾಯ್ಬ್ರೆ, ಗಿಡ್ಡದ್ದು ಉಂಟಲ್ಲ, ಅರ್ಧ ತೋಳು, ಅರ್ಧ ಕಾಲು?"

ಇತ್ತು. ದುಬೈಯಲ್ಲಿ ಬೇಸಗೆಯ ಕೊನೆಗೆ ಮಾರಾಟವಾಗದೆ ಬಿದ್ದಿದ್ದ ತೆಳು ಸೂಟುಗಳು, ನೀಲಿ ಬಣ್ಣದವು. ಅವನ್ನು ಕೊಂಡರೆ ನನಗೆಷ್ಟು ಉಳಿಯುತ್ತದೆ ಎಂದು ಆ ಮಾತು ಮುಗಿಯುವುದರೊಳಗೇ ತಲೆಯಲ್ಲಿ ಲೆಕ್ಕ ಹಾಕಿಯಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರ ಮುಂದೆಯೂ ಹೇಳಲಾರೆ, ಯಾಕೆಂದರೆ ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ ಕಲಿಸಿದವರು ಎದುರಿಗೇ ಇದ್ದರು.

"ಗಿರಾಕಿ ಹೇಳಿದ್ದು ಕೊಡುವುದು ನಮ್ಮ ಕೆಲಸ" ಎಂದೆ.

ಅಣ್ಣ ನನ್ನನ್ನು ನೋಡಿದರು. "ಹೌದು. ವಿಷ ಕೇಳಿದ್ರೂ ತೂಕ ಮಾಡಿ ಕೊಡಿ" ಎಂದು ಬಾಗಿಲು ದಾಟಿದರು.

ಕ್ರೀಡಾದಿನಕ್ಕೆ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಜುಮಾ ನಮಾಜು ಮುಗಿಸಿ ಹೋದೆ. ಎಂಥ ದಿನ! ಎಳೆ ಬಿಸಿಲು, ಮೆಲುಗಾಳಿ, ನೀಲಿ ನೀರು. ಶಾಮಿಯಾನದ ಕೆಳಗೆ ಬಿರಿಯಾನಿಯ ಡಬರಿ. ಸೂಟು ಕೋಣೆಯ ಬಾಗಿಲ ಮೇಲೆ ೧೬ ಎಂದು ಬರೆದಿತ್ತು. ಅದರ ಮುಂದೆ ಅಣ್ಣ ನಿಂತಿದ್ದರು. ಬೀಗದ ಕೈ ಅವರ ಸೊಂಟದ ದಾರದಲ್ಲಿ.

"ಬಾಗಿಲು ತೆಗೀರಿ. ಯಲ್ಲಾ, ಹೊತ್ತಾಯ್ತು" ಎಂದ ಸೆಕ್ರೆಟರಿ.

"ತೆಗೆಯೂದಿಲ್ಲ. ನೀರು ಹದಿನಾರು ಉಂಟು. ಗಾಳಿ ದಡದಿಂದ ಹೊರಗೆ ಬೀಸ್ತಾ ಉಂಟು. ಬಿದ್ದವ ವಾಪಸ್ ಬರೂದಿಲ್ಲ."

"ಹೆಡ್ ಆಫೀಸಿನವರು ಕೂತಿದ್ದಾರೆ, ನನ್ನ ಮರ್ಯಾದೆ ತೆಗೀಬೇಡಿ."

"ನಿಮ್ಮ ಮರ್ಯಾದೆ ದಡದಲ್ಲೇ ಇರ್ತದೆ, ಮುಳುಗೂದಿಲ್ಲ. ಬೇಕಾದ್ರೆ ಓಟ ಬಿಡಿ, ಹಗ್ಗ ಎಳೆಸಿ."

ಸುತ್ತ ಜನ ಸೇರಿದರು. ನಗು ಕೇಳಿಸಿತು. ಸೆಕ್ರೆಟರಿಯ ಮುಖ ಕೆಂಪಾಯಿತು. ಆಗ ಅಣ್ಣ ಜನರ ನಡುವೆ ನನ್ನನ್ನು ಕಂಡರು. "ಸಾಯ್ಬ್ರೆ, ಸೂಟು ನಿಮ್ಮದು. ನೀವೇ ಹೇಳಿ, ಇದರಲ್ಲಿ ಇವತ್ತು ಇಳೀಬಹುದಾ?"

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಂದೇ ಶಬ್ದ ಸಾಕಿತ್ತು. ಇಲ್ಲ ಎಂದಿದ್ದರೆ ಓಟ ನಿಲ್ಲುತ್ತಿತ್ತು. ಅಂಗಡಿಯವನೇ ಬೇಡ ಎಂದ ಮೇಲೆ ಯಾರು ಹಾಕುತ್ತಿದ್ದರು?

"ಅರ್ಧ ಗಂಟೆಯ ಮಾತಲ್ವಾ ಅಣ್ಣ, ಏನಾಗ್ತದೆ?" ಎಂದೆ.

ಅವರು ಕೈಯಿಂದ ಬಾಗಿಲು ಬಿಡಲಿಲ್ಲ. ಸೆಕ್ರೆಟರಿ ಆಫೀಸಿನಿಂದ ಇನ್ನೊಂದು ಬೀಗದ ಕೈ ತರಿಸಿದ. ಇಬ್ಬರು ಸೆಕ್ಯುರಿಟಿಯವರು ಅವರನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ಖಲಾಸ್. ನಿಮ್ಮ ಡ್ಯೂಟಿ ಇವತ್ತಿಗೆ ಮುಗೀತು, ರೂಮಿಗೆ ಹೋಗಿ" ಎಂದ ಸೆಕ್ರೆಟರಿ. ಇಪ್ಪತ್ತು ಜನ ನೀಲಿ ಸೂಟು ಹಾಕಿ ಸಾಲಾಗಿ ನಿಂತರು. ಫೋಟೋ ಚೆನ್ನಾಗಿ ಬಂತು.

ಹತ್ತು ನಿಮಿಷಕ್ಕೆ ಅರ್ಧ ಜನ ಬಿದ್ದರು. ಬಿದ್ದವರು ಹಲಗೆ ಏರಿ ಪಟ ಎತ್ತಲು ನೋಡಿದರೆ ಬೆರಳು ಮಡಚುತ್ತಿಲ್ಲ. ದಡದ ಹತ್ತಿರ ಇದ್ದವರು ಈಜಿ, ಹಲ್ಲು ಕಡಿಯುತ್ತ ಬಂದರು. ಶಾಮಿಯಾನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಗಾಳಿ ಜೋರಾಯಿತು. ಎಣಿಸಿದಾಗ ಹತ್ತೊಂಬತ್ತು. ಆಚೆ ಒಂದು ಪಟ ನೀರಿನ ಮೇಲೆ ಮಲಗಿದಂತೆ ಕಾಣುತ್ತಿತ್ತು, ಸಣ್ಣದಾಗುತ್ತಿತ್ತು. ಇಂಜಿನಿಯರ್. ಬೋಟಿನ ಡ್ಯೂಟಿಗೆ ಯಾರಿದ್ದಾರೆ ಎಂದು ಯಾರೋ ಕೇಳಿದರು. ಯಾರೂ ಇರಲಿಲ್ಲ. ಸೆಕ್ರೆಟರಿ ಫೋನಿಗೆ ಓಡಿದ.

ಅಣ್ಣ ರೂಮಿಗೆ ಹೋಗಿರಲಿಲ್ಲ. ಜೆಟ್ಟಿಯ ತುದಿಯಲ್ಲಿ ಬೋಟಿನ ಎಂಜಿನ್ನಿನ ಹಗ್ಗ ಎಳೆಯುತ್ತಿದ್ದರು. ನನ್ನನ್ನು ಕಂಡು ಕೂಗಿದರು.

"ಹತ್ತಿ ಸಾಯ್ಬ್ರೆ! ನಿಮ್ಮ ಮಾಲು ಹೇಗುಂಟು ಅಂತ ನೀವೇ ನೋಡಿ ಬನ್ನಿ!"

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಹತ್ತಿದೆ. ಅಲೆಯ ಪ್ರತಿ ಏಟಿಗೂ ತಣ್ಣೀರು ಮುಖಕ್ಕೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಅವರು ಬೈದರು, ಸೆಕ್ರೆಟರಿಯನ್ನು, ಹೆಡ್ ಆಫೀಸನ್ನು, ನನ್ನನ್ನು, ನನ್ನ ದುಬೈಯನ್ನು. ಇಂಜಿನಿಯರ್ ಹಲಗೆಯ ಮೇಲೆ ಬೋರಲಾಗಿ ಮಲಗಿದ್ದ. ತುಟಿ ನೇರಳೆಹಣ್ಣು. ಇಬ್ಬರೂ ಸೇರಿ ಎಳೆದು ಹಾಕಿದೆವು. ಅವನು ನಗುತ್ತಿದ್ದ.

"ಈಗ ಚಳಿ ಇಲ್ರಿ ಕಾಕಾ. ಬೆಚ್ಚಗದ. ಮಕ್ಕೋತೀನ್ರಿ ಸ್ವಲ್ಪ."

ಆ ಮಾತು ಕೇಳಿ ನಾನು ಸಮಾಧಾನಗೊಂಡೆ. ಅಣ್ಣನ ಮುಖ ಮಾತ್ರ ಬೂದಿಯಾಯಿತು. "ಬೆಚ್ಚಗಾಗ್ತದೆ ಅಂದ್ರೆ ಹೋಗ್ತಾ ಇದ್ದಾನೆ ಅಂತ" ಎಂದರು. ಬೋಟಿನ ಚೂರಿಯಿಂದ ಆ ನೀಲಿ ಸೂಟನ್ನು ಎದೆಯ ಗುರುತಿನ ನಡುವೆಯೇ ಸೀಳಿ ಕಿತ್ತು ಬಿಸಾಡಿದರು. ತಮ್ಮ ಅಂಗಿ, ನನ್ನ ಅಂಗಿ, ಬೋಟಿನ ತಾಡಪಾಲು ಎಲ್ಲ ಸುತ್ತಿದರು. ನಾನು ಅವನ ಕೈ ಉಜ್ಜಲು ಹೋದರೆ ಕೈಗೆ ಹೊಡೆದರು. "ಉಜ್ಜಬೇಡಿ! ತಬ್ಬಿ ಕೂತ್ಕೊಳ್ಳಿ. ನಿಮ್ಮ ಮೈಯಲ್ಲಿ ಕೊಬ್ಬುಂಟಲ್ಲ, ಸ್ವಲ್ಪ ಕೊಡಿ ಅವನಿಗೆ."

ತಬ್ಬಿ ಕೂತೆ. ಬೋಟು ತಿರುಗಿಸಿ ದಡ ಮುಟ್ಟುವವರೆಗೂ ಅವರು ಆ ಹುಡುಗನನ್ನು ಬೈದು ಎಚ್ಚರವಿಟ್ಟರು. "ಕಣ್ಣು ಮುಚ್ಚಿದ್ರೆ ವಾಪಸ್ ಬಿಸಾಡ್ತೇನೆ. ಹೇಳು, ನಿನ್ನ ಅಪ್ಪ ಎಂತ ಬೈತಿದ್ದ? ಹೇಳು! ಅದಕ್ಕಿಂತ ಚಂದ ನಾನು ಬೈತೇನೆ." ಅವನು ತೊದಲುತ್ತ ಏನೋ ಹೇಳುತ್ತಿದ್ದ. ಅಂಥ ಬೈಗುಳವನ್ನು ನಾನು ಆಮೇಲೆ ಕೇಳಿಲ್ಲ. ಅದರಲ್ಲಿ ಒಂದನ್ನೂ ಇಲ್ಲಿ ಅಚ್ಚು ಹಾಕುವಂತಿಲ್ಲ.

ಹುಡುಗ ಉಳಿದ. ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಮೂರು ಸಾಲು ಬರೆದು ಸುಮ್ಮನಾಗುತ್ತಿದ್ದೆ.

ಮುಂದಿನ ವಾರ ಸೆಕ್ರೆಟರಿ ಅಂಗಡಿಗೆ ಬಂದ. ಕಂಪನಿಯಲ್ಲಿ ವಿಚಾರಣೆ ಶುರುವಾಗಿತ್ತು. ಅವನು ಬರೆದ ವರದಿಯ ಪ್ರಕಾರ ಬೋಟಿನವರು ಕಾರಣವಿಲ್ಲದೆ ಬಾಗಿಲು ತೆಗೆಯಲಿಲ್ಲ, ಡ್ಯೂಟಿಯ ಜಾಗ ಬಿಟ್ಟರು, ಆಮೇಲೆ ಅನುಮತಿಯಿಲ್ಲದೆ ಬೋಟು ಒಯ್ದರು. "ನಿಮ್ಮಿಂದ ಒಂದು ಲೆಟರ್ ಬೇಕು ಸಾಯ್ಬ್ರೆ. ಸೂಟು ಎಲ್ಲಾ ಕಾಲಕ್ಕೂ ಆಗ್ತದೆ ಅಂತ. ಇಲ್ಲದಿದ್ರೆ ಪ್ರಶ್ನೆ ನಿಮ್ಮ ಮಾಲಿನ ಮೇಲೆ ಬರ್ತದೆ. ಲೈಸೆನ್ಸು, ಕಫೀಲು, ಎಲ್ಲ ಗೊತ್ತುಂಟಲ್ಲ ನಿಮಗೆ." ಗೊತ್ತಿತ್ತು. ಚಹಾ ತರಿಸಿದೆ. ಅಂಗಡಿಯ ಹೆಸರಿನ ಕಾಗದದಲ್ಲಿ ಒಂದೇ ಸಾಲು ಬರೆದು ಸೀಲು ಹೊಡೆದು ಕೊಟ್ಟೆ.

ಎರಡು ದಿನ ಬಿಟ್ಟು ಇಂಜಿನಿಯರ್ ಬಂದ. ಇನ್ನೂ ಕೆಮ್ಮುತ್ತಿದ್ದ. ಕೈಯಲ್ಲಿ ತಾನೇ ಬರೆದ ಎರಡು ಪುಟ.

"ಸಾಹೇಬ್ರ, ಖರೆ ಏನದ ಅದನ್ನ ಬರದೀನ್ರಿ. ಕಾಕಾ ಇರ್ಲಿಲ್ಲಂದ್ರ ನಾ ಇವತ್ತ ಇರ್ತಿದ್ದಿಲ್ಲ. ನೀವೂ ಬೋಟಿನ್ಯಾಗ ಇದ್ರಿ. ಸಾಕ್ಷಿ ಅಂತ ಒಂದು ಸಹಿ ಹಾಕ್ರಿ."

ಅವನನ್ನು ಕೂರಿಸಿ ಬುದ್ಧಿ ಹೇಳಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಯಾರಿಗೂ ಸಲಹೆ ಕೊಟ್ಟಿಲ್ಲ. ನಿಮ್ಮ ಫ್ಯಾಮಿಲಿ ವೀಸಾ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳಿದೆ. ಹೆಂಡತಿ ಕೂಸಿನೊಡನೆ ಯಾವಾಗ ಬರುತ್ತಾಳೆ ಎಂದು ಕೇಳಿದೆ. ಕಾಕಾನಿಗೆ ಹೇಗೂ ವಯಸ್ಸಾಯಿತು, ಇನ್ನೆಷ್ಟು ವರ್ಷ ಇರುತ್ತಾರೆ, ನೀವು ಬರೆದರೂ ಅವರನ್ನು ಇಟ್ಟುಕೊಳ್ಳುವುದಿಲ್ಲ, ನಿಮ್ಮನ್ನೂ ಸೇರಿಸಿ ಕಳಿಸುತ್ತಾರೆ ಎಂದೆ. ಅವನು ಎರಡು ಪುಟವನ್ನು ನಾಲ್ಕಾಗಿ ಮಡಚಿದ.

"ನೀವು ಹೇಳೂದು ಖರೆ ಅನಸ್ತದ್ರಿ" ಎಂದ. ಹೋಗುವಾಗ ನನ್ನ ಕೈ ಕುಲುಕಲಿಲ್ಲ.

ಸಲಹೆ ಫಲಿಸಿತು. ಅವನ ಹೆಂಡತಿ ಬಂದಳು. ದೋಹಾದ ಅಲ್ ಗರಾಫಾದಲ್ಲಿ ಮನೆ ಮಾಡಿದ. ನನ್ನ ಅಂಗಡಿ ನಡೆಯಿತು. ಸೆಕ್ರೆಟರಿಗೆ ಬಡ್ತಿ ಸಿಕ್ಕಿತು. ನಾವು ಮೂವರೂ ಹೊಂದಿಕೊಂಡು ಹೋದೆವು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕಂಪನಿಯ ಪಿಕಪ್ ನಿಂತಿತು. ಅಣ್ಣ ಇಳಿದರು. ಬಿಳಿ ಅಂಗಿ, ತಲೆ ಬಾಚಿಕೊಂಡಿದ್ದರು. ಹಿಂದೆ ಹಗ್ಗ ಬಿಗಿದ ಒಂದು ಪೆಟ್ಟಿಗೆ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ. ದೋಹಾದಲ್ಲಿ ಒಂದು ಬೋಟಿನ ಯಜಮಾನ ಅವರಿಗೆ ಕೆಲಸ ಕೊಡಲು ಒಪ್ಪಿದ್ದ. ಆದರೆ ಹಳೆಯ ಕಂಪನಿ ಅಭ್ಯಂತರವಿಲ್ಲ ಎಂದು ಬರೆದುಕೊಡಬೇಕು, ಎನ್‌ಒಸಿ. ಅದಿಲ್ಲದೆ ಮತ್ತೆ ಕತಾರಿಗೆ ಬರುವಂತಿಲ್ಲ. ಅವರ ಕೈಯಲ್ಲಿ ಇಂಗ್ಲಿಷಿನ ಒಂದು ಕಾಗದವಿತ್ತು. ಅವರು ಕನ್ನಡ ಬಿಟ್ಟು ಬೇರೆ ಓದುತ್ತಿರಲಿಲ್ಲ.

"ಓದಿ ಹೇಳಿ ಸಾಯ್ಬ್ರೆ. ಎನ್‌ಒಸಿ ಕೊಟ್ಟಿದ್ದಾರಾ ಇಲ್ವಾ, ಅಷ್ಟೇ ಬೇಕು. ಡ್ರೈವರಿಗೆ ಓದ್ಲಿಕ್ಕೆ ಬರೂದಿಲ್ಲ."

ಅಂಗಡಿಯಲ್ಲಿ ಆಗ ಒಬ್ಬ ಈಜಿಪ್ಟಿನವನಿದ್ದ, ಮಗಳ ಜೊತೆ. ಹನ್ನೆರಡರ ಹುಡುಗಿ ಕನ್ನಡಿಯ ಮುಂದೆ ಗಿಡ್ಡ ಸೂಟೊಂದನ್ನು ಮೈಗೆ ಹಿಡಿದು ನೋಡುತ್ತಿದ್ದಳು. ಹೊರಗೆ ಚೆಂದದ ಬಿಸಿಲಿತ್ತು. ನಾನು ಕಾಗದವನ್ನು ಗಾಜಿನ ಮೇಲಿಟ್ಟು ಬೆರಳಿಟ್ಟು ಓದುತ್ತ ಕನ್ನಡದಲ್ಲಿ ಹೇಳಿದೆ. ಕೆಲಸದಿಂದ ತೆಗೆದಿದ್ದಾರೆ. ಎನ್‌ಒಸಿ ಕೊಟ್ಟಿಲ್ಲ.

ಅವರು ಕಾಗದ ನೋಡುತ್ತಿರಲಿಲ್ಲ. ನನ್ನ ಬೆರಳು ನೋಡುತ್ತಿದ್ದರು.

"ನಡುವೆ ಒಂದು ಸಾಲು ಹಾರಿದ್ರಿ."

"ಇಲ್ಲಣ್ಣ."

"ಬಲೆ ನೋಡಿದ ಕಣ್ಣು ಇದು. ಎಲ್ಲಿ ಒಂದು ಕಣ್ಣಿ ಬಿಟ್ಟಿತು ಅಂತ ಗೊತ್ತಾಗ್ತದೆ. ಓದಿ."

ಓದಿದೆ. ಸೂಟುಗಳು ಎಲ್ಲಾ ಕಾಲಕ್ಕೂ ಯೋಗ್ಯವೆಂದು ಮಾರಿದವರೇ ಲಿಖಿತವಾಗಿ ತಿಳಿಸಿರುವುದರಿಂದ, ಬಾಗಿಲು ತೆಗೆಯದಿರಲು ಯಾವ ಕಾರಣವೂ ಇರಲಿಲ್ಲ.

ಬೈಗುಳಕ್ಕೆ ಕಾದು ನಿಂತೆ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಲೈಸೆನ್ಸು ಎನ್ನುತ್ತಿದ್ದೆ, ಕಫೀಲ್ ಎನ್ನುತ್ತಿದ್ದೆ. ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತಿರುಗಿದರು. ಕನ್ನಡಿಯ ಮುಂದೆ ಹೋಗಿ ಆ ಹುಡುಗಿಯ ಕೈಯಿಂದ ಗಿಡ್ಡ ಸೂಟನ್ನು ತೆಗೆದುಕೊಂಡು ಮೊಳೆಗೆ ಸಿಕ್ಕಿಸಿದರು. ಉದ್ದ ತೋಳಿನದ್ದೊಂದನ್ನು ಎಳೆದು, ಕುತ್ತಿಗೆಯ ಪಟ್ಟಿ ಹಿಗ್ಗಿಸಿ ನೋಡಿ, ಅವಳಪ್ಪನ ಕೈಯಲ್ಲಿಟ್ಟರು.

"ಮಾಯ್ ಬಾರಿದ್" ಎಂದರು. ನೀರು ತಣ್ಣಗಿದೆ.

ನನ್ನ ಕಡೆ ನೋಡದೆ ಹೊರಗೆ ಹೋಗಿ ಪಿಕಪ್ ಹತ್ತಿದರು. ಗಾಡಿ ತಿರುವಿನಲ್ಲಿ ಮರೆಯಾಯಿತು. ಈಜಿಪ್ಟಿನವನು ಕೈಯಲ್ಲಿದ್ದ ಸೂಟನ್ನು ತಿರುಗಿಸಿ ನೋಡಿ, ಅವರು ಯಾರು ಎಂದು ಕೇಳಿದ.

ಗೊತ್ತಿಲ್ಲ ಎಂದೆ.